ಹೊರಗಿನಿಂದ ಬರುವ ಪ್ಯಾಕೆಟ್‌ಗಳನ್ನು ಬಿಡಿ

ಬೆಳಿಗ್ಗೆ ಚಹಾ ಕುಡಿಯುತ್ತ ಪರರ ತಪ್ಪು ತಿದ್ದುವುದು ನನ್ನ ಚಟ. ಕೆಲವರಿಗೆ ಪೇಪರಿನ ಪದಬಂಧ ಇರುವಂತೆ ನನಗೆ ಇದು. ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ ಮಾಡಿಕೊಂಡು, ಸುತ್ತಮುತ್ತಲಿನ ಲಾಡ್ಜು, ಲಾರಿ ಆಫೀಸು, ಖಾಸಗಿ ಶಾಲೆಗಳ ನೆಟ್‌ವರ್ಕ್ ನೋಡಿಕೊಳ್ಳುವವಳು. ರೂಟರ್ ಕೆಟ್ಟರೆ ನನಗೆ ಫೋನು. ಕರೆಂಟು ಹೋದರೂ ನನಗೇ ಫೋನು. ರೂಟರುಗಳಿಗೆ ನಾನು ಹಾಕುವ ತಂತ್ರಾಂಶ ಪುಕ್ಕಟೆಯದು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು, ತಿದ್ದಬಹುದಾದದ್ದು. ಅದರ ಕೈಪಿಡಿಯೂ ಹಾಗೆಯೇ. ಪುಟದಲ್ಲಿ ತಪ್ಪು ಕಂಡರೆ ನಾವೇ ತಿದ್ದಿ ಕಳಿಸಬೇಕು. ಪರಿಶೀಲಕರು ಎಂದು ಒಂದಿಷ್ಟು ಜನ ಇರುತ್ತಾರೆ. ಅವರು ಒಪ್ಪಿದರೆ ಪುಟ ಬದಲಾಗುತ್ತದೆ.

ಕೇಳುವುದಕ್ಕೆ ಚೆಂದವಾಗಿದೆ. ಒಳಗೆ ಇಳಿದು ನೋಡಿದರೆ ಹೇಸಿಗೆ.

ಒಂದು ಸಲ ಹಂಪಿಯ ಹೋಮ್‌ಸ್ಟೇ ಒಂದರಲ್ಲಿ ದಿನವೆಲ್ಲ ಕೂತಿದ್ದೆ. ಕೈಪಿಡಿಯಲ್ಲಿ ಬರೆದ ಹಾಗೆ ಅಕ್ಷರ ತಪ್ಪದೆ ಮಾಡಿದ್ದರೂ ವೈಫೈ ಮತ್ತೆ ಮತ್ತೆ ಸಾಯುತ್ತಿತ್ತು. ಆ ಮನೆಯ ಯಜಮಾನಿ ಅಡುಗೆಮನೆಯಿಂದ ಬಂದು ‘ಆತೇನ್ರಿ?’ ಎಂದು ಕೇಳುವುದು, ನಾನು ಇಲ್ಲ ಎನ್ನುವುದು, ಆಕೆ ಮುಖ ಊದಿಸಿಕೊಂಡು ಹೋಗುವುದು. ಕೊನೆಗೆ ನೋಡಿದರೆ ‘ಮಾಡಬಾರದು’ ಎಂದಿರಬೇಕಾದ ಕಡೆ ‘ಮಾಡಬೇಕು’ ಎಂದಿತ್ತು. ಇಂಗ್ಲಿಷಿನಲ್ಲಿ ಅದು ಮೂರಕ್ಷರದ ಪದ, ಬರೆದವನು ಅದನ್ನು ನುಂಗಿದ್ದ. ಸಂಡೂರಿನ ಲಾರಿ ಆಫೀಸಿನಲ್ಲಿ ಇನ್ನೊಂದು ಕಥೆ. ಅಂಕಿಗಳ ನಡುವೆ ಚುಕ್ಕೆ ಇರಬೇಕಾದಲ್ಲಿ ಅಲ್ಪವಿರಾಮ. ಅದಿರಿನ ಕೆಂಪು ಧೂಳು ತುಂಬಿದ, ಹಲ್ಲಿ ಮೊಟ್ಟೆ ಇಟ್ಟ ರೂಟರ್ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೀನುತ್ತ, ಯಾರದೋ ದೇಶದ ಯಾರದೋ ಅಲ್ಪವಿರಾಮಕ್ಕೆ ನಾನು ಶಾಪ ಹಾಕಿದ್ದೇನೆ. ಇಂಥವನ್ನು ತಿದ್ದಿ ಕಳಿಸುತ್ತ ಬಂದೆ. ಮುಂದಿನವರಾದರೂ ಆ ಹಲ್ಲಿ ಮೊಟ್ಟೆಯ ಮುಂದೆ ಕೂರದಿರಲಿ ಎಂಬುದಷ್ಟೇ ನನ್ನ ಆಸೆ.

ಈ ಕೆಲಸಕ್ಕೆ ಬರುವ ಬೇರೆಯವರ ಆಸೆ ಬೇರೆ. ತಿದ್ದುಪಡಿ ಒಪ್ಪಿಗೆಯಾದಷ್ಟೂ ಹೆಸರಿನ ಮುಂದೆ ಹಸಿರು ಚೌಕ ಬೀಳುತ್ತದೆ, ಕೆಲಸದ ಅರ್ಜಿಯಲ್ಲಿ ತೋರಿಸಬಹುದು, ಕೆಲವು ಕಡೆ ಟೀ ಶರ್ಟೂ ಕೊಡುತ್ತಾರಂತೆ. ಅದಕ್ಕಾಗಿ ಸರಿಯಾಗಿದ್ದ ವಾಕ್ಯವನ್ನು ಕೆಡಿಸಿ ಕಳಿಸುವವರಿದ್ದಾರೆ. ಒಂದು ಪದ ಹಿಂದೆ ಮುಂದೆ ಮಾಡಿ ‘ಪುಟದ ಗುಣಮಟ್ಟ ಹೆಚ್ಚಿಸಲಾಗಿದೆ’ ಎಂದು ಬರೆಯುತ್ತಾರೆ. ನಾಚಿಕೆ ಎಂಬ ವಸ್ತುವೇ ಇಲ್ಲ. ಇವರ ಕಾಟದಿಂದ ಪರಿಶೀಲಕರ ಮೂತಿ ಸದಾ ಸೊಟ್ಟಗಿರುತ್ತದೆ, ನಿಜವಾದ ತಪ್ಪು ಹಿಡಿದು ಹೋದವರನ್ನೂ ಅವರು ಹಾಗೆಯೇ ನೋಡುತ್ತಾರೆ.

ಕನ್ನಡದ ಪುಟಗಳ ಪಾಡು ಇನ್ನೂ ಕೆಟ್ಟದ್ದು. ಅವನ್ನು ಯಾವುದೋ ಯಂತ್ರ ಅನುವಾದಿಸಿ, ಯಾರೋ ಕಣ್ಣು ಮುಚ್ಚಿಕೊಂಡು ಠಸ್ಸೆ ಹೊಡೆದದ್ದು. ರೂಟರಿನಲ್ಲಿ ಮಾಹಿತಿ ಒಳಗೆ ಹೊರಗೆ ಹೋಗುವ ಕಿಂಡಿ, ಅಂದರೆ ಪೋರ್ಟಿಗೆ ‘ಬಂದರು’ ಎಂದಿತ್ತು. ಹೊಸಪೇಟೆಯಲ್ಲಿ ಕೂತು ‘ಬಳಸದ ಬಂದರುಗಳನ್ನು ಮುಚ್ಚಿ’ ಎಂದು ಓದಿದ ದಿನ ನಾನು ಚಹಾ ಉಗಿದಿದ್ದೆ. ರೂಟರು ಒಂದೊಂದು ಕಂಪ್ಯೂಟರಿಗೂ ಸ್ವಲ್ಪ ಹೊತ್ತಿಗೆಂದು ಒಂದು ವಿಳಾಸ ಕೊಡುತ್ತದಲ್ಲ, ಅದಕ್ಕೆ ‘ಗುತ್ತಿಗೆ’ ಎಂದು ಬರೆದಿದ್ದರು. ‘ನಿಮ್ಮ ಗುತ್ತಿಗೆ ಮುಗಿದಿದೆ’ ಎಂಬ ಸಾಲನ್ನು ಸಂಡೂರಿನ ಲಾರಿ ಆಫೀಸಿನವನಿಗೆ ತೋರಿಸಿದ್ದರೆ ಅವನು ಗಣಿ ಮುಚ್ಚಿತೆಂದು ಎದೆ ಹಿಡಿದುಕೊಳ್ಳುತ್ತಿದ್ದ. ಇವೆಲ್ಲ ನಗುವ ತಪ್ಪುಗಳು. ನಕ್ಕು, ತಿದ್ದಿ, ಕಳಿಸಿ, ಮರೆತಿದ್ದೆ.

ನಗಲಾರದ ತಪ್ಪು ಕಂಪ್ಲಿಯಿಂದ ಫೋನಿನಲ್ಲಿ ಬಂತು.

ಫೋನು ಮಾಡಿದವಳು ನನ್ನ ಹಳೆಯ ಜೊತೆಗಾರ್ತಿ. ಕುರೆಕುಪ್ಪದಲ್ಲಿ ಕಾರ್ಮಿಕರ ಮನೆಗಳಿಗೆ ಕೇಬಲ್ ಎಳೆಯುವ ಗುತ್ತಿಗೆಯಲ್ಲಿ ಇಬ್ಬರೂ ಒಂದೇ ಏಣಿ ಹಿಡಿದವರು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವಳ ಅವ್ವ ಈಗಲೂ ಭತ್ತದ ನಾಟಿಗೆ ಹೋಗುತ್ತಾಳೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಮುಗಿಸಿ, ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರು, ಕ್ಯಾಮೆರಾ, ಬಿಲ್ಲಿಂಗು ಎಲ್ಲ ನೋಡಿಕೊಳ್ಳುತ್ತಿದ್ದಳು. ಅವರ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದವರಲ್ಲಿ ಅವಳೇ ಮೊದಲನೆಯವಳು.

ಆ ಗಿರಣಿಯ ಒಡೆಯನನ್ನು ಎಲ್ಲರೂ ಧಣಿ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ, ಗೌರವಕ್ಕಲ್ಲ. ಎಲ್ಲಿ ಕೂತರೂ ಗಿರಣಿಯ ಕ್ಯಾಮೆರಾ ತನ್ನ ಮೊಬೈಲಿನಲ್ಲಿ ಕಾಣಬೇಕು ಎಂದು ಧಣಿ ಅವಳಿಗೆ ಹೇಳಿದ್ದ. ಅವಳು ಕೈಪಿಡಿಯ ಕನ್ನಡ ಪುಟ ತೆರೆದಳು. ಅಲ್ಲಿ ಹೀಗಿತ್ತು: ‘ಕ್ಯಾಮೆರಾಗಳಿರುವ ಜಾಲಕ್ಕೆ ಹೊರಗಿನಿಂದ ಬರುವ ಪ್ಯಾಕೆಟ್‌ಗಳನ್ನು ಬಿಡಿ.’

ಪ್ಯಾಕೆಟ್ ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ತುಣುಕು. ಇಂಗ್ಲಿಷಿನ ಮೂಲದಲ್ಲಿ ಅವನ್ನು ತಡೆದು ಬಿಸಾಡಿ ಎಂದಿತ್ತು. ಬಿಸಾಡುವುದಕ್ಕೆ ಯಂತ್ರ ಹುಡುಕಿದ ಕನ್ನಡ ‘ಬಿಡಿ’.

‘ಓದೇ ಮಾಡೀನಿ ಅಕ್ಕಾ,’ ಎಂದಳು ಫೋನಿನಲ್ಲಿ. ‘ಹೊರಗಿಂದ ಬರೋದನ್ನ ಬಿಡ್ರಿ ಅಂತ ಬರದಾರ. ನಾ ಬಿಟ್ಟೆ.’

ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ನಮ್ಮ ಕಡೆ ಕಾಲುವೆಗೆ ನೀರು ಬಿಡುತ್ತಾರೆ. ಬಿಟ್ಟರು ಎಂದರೆ ಬಂತು ಎಂದೇ ಅರ್ಥ. ಕಂಪ್ಲಿಯ ಗದ್ದೆ ಬದುಕಿರುವುದೇ ಆ ಬಿಡುವುದರಿಂದ. ಬಾಗಿಲಲ್ಲಿ ನಿಂತವರನ್ನು ಒಳಗೆ ಬಿಡುತ್ತೇವೆ, ಕರುವನ್ನು ಹಾಲಿಗೆ ಬಿಡುತ್ತೇವೆ. ಧಣಿಗೆ ಹೊರಗಿನಿಂದ ಕ್ಯಾಮೆರಾ ಕಾಣಬೇಕಿತ್ತು, ಪುಟ ಹೊರಗಿನದನ್ನು ಬಿಡಿ ಎಂದಿತು, ಲೆಕ್ಕ ಸರಿಹೋಯಿತಲ್ಲ. ಗಿರಣಿಯವರು ಮಾತ್ರ ಒಳಗೆ ಬರುವಂತೆ ಬೇರೆಯೇ ಒಂದು ದಾರಿ ಮಾಡಬೇಕಿತ್ತು. ಅದನ್ನು ಹೇಳುವ ಪುಟ ಕನ್ನಡದಲ್ಲಿ ಇರಲೇ ಇಲ್ಲ.

ಕ್ಯಾಮೆರಾಗಳ ಪಾಸ್‌ವರ್ಡ್ ಬದಲಿಸೋಣ ಎಂದು ಅವಳು ಹೇಳಿದಾಗ ಧಣಿ ‘ನನಗ ನೆನಪಿರಂಗಿಲ್ಲ, ಬ್ಯಾಡ’ ಎಂದಿದ್ದ. ಡಬ್ಬಿಯ ಮೇಲೆ ಅಚ್ಚಾಗಿ ಬಂದ ಪಾಸ್‌ವರ್ಡೇ ಉಳಿದಿತ್ತು. ಯಾರೋ ಪುಂಡರು ಒಳಗೆ ಬಂದರು. ಬಂದವರಿಗೆ ಗಿರಣಿಯ ಆಫೀಸಿನ ಕ್ಯಾಮೆರಾ ಸಿಕ್ಕಿತು. ಅದರಲ್ಲಿ ಧಣಿ ಬನಿಯನ್ನಿನಲ್ಲಿ ಕೂತು, ಕಾಲನ್ನು ಮೇಜಿನ ಮೇಲಿಟ್ಟು, ಮಾದರಿಗೆಂದು ತಟ್ಟೆಯಲ್ಲಿ ಹರಡಿದ್ದ ಸೋನಾ ಮಸೂರಿಯ ಪಕ್ಕದಲ್ಲೇ ಕಾಲುಗುರು ಕತ್ತರಿಸುತ್ತಿದ್ದ. ಒಂದು ಉಗುರು ಹಾರಿ ತಟ್ಟೆಗೆ ಬಿತ್ತು. ಅವನು ಅದನ್ನು ಹುಡುಕಿದ, ಸಿಗಲಿಲ್ಲ, ಅಕ್ಕಿಯನ್ನು ಬೆರಳಿಂದ ಹರವಿ ಸಮ ಮಾಡಿದ. ಆ ವಿಡಿಯೋ ಕಂಪ್ಲಿಯ ಮೊಬೈಲುಗಳಲ್ಲೆಲ್ಲ ಓಡಿತು. ನನಗೂ ಬಂತು. ನೋಡಿದ ಮೇಲೆ ನಾನು ಎರಡು ದಿನ ಅನ್ನ ಆರಿಸಿ ಆರಿಸಿ ತಿಂದೆ.

ಊರೆಲ್ಲ ನಕ್ಕಿತು. ಧಣಿಯ ಸಿಟ್ಟು ಉಗುರಿನ ಮೇಲೆ ಬರಲಿಲ್ಲ, ಇವಳ ಮೇಲೆ ಬಂತು. ಗಿರಣಿಯ ಜನರೆದುರಿಗೆ ‘ಇಂಥವರನ್ನ ತಂದು ಕುರ್ಚಿ ಮ್ಯಾಲ ಕುಂದ್ರಿಸಿದ್ರ ಹಿಂಗ ಆಗೋದು’ ಎಂದನಂತೆ. ಇದನ್ನು ಹೇಳುವಾಗ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.

ಧಣಿ ಒಂದು ಮದುವೆಗೆ ಹೊರಟಿದ್ದ, ಸೋಮವಾರ ಬಂದು ತೀರ್ಮಾನ ಹೇಳುತ್ತೇನೆ ಎಂದಿದ್ದ. ಪುಸ್ತಕದಲ್ಲೇ ತಪ್ಪಿತ್ತು ಎಂದು ಇವಳು ಹೇಳಿದ್ದಕ್ಕೆ, ‘ಬರದವ್ರು ಒಪ್ಪಲಿ, ಆಗ ನೋಡೂನು’ ಎಂಬ ಮಾತು ಬಂದಿತ್ತು. ಕಂಪ್ಲಿ ಸಣ್ಣ ಊರು. ಗಿರಣಿಯಿಂದ ದಡ್ಡಿ ಎಂದು ಹೊರಗೆ ಹಾಕಿಸಿಕೊಂಡವಳನ್ನು ಗೊಬ್ಬರದಂಗಡಿಯವನೂ ಕರೆಯುವುದಿಲ್ಲ, ಪೆಟ್ರೋಲ್ ಬಂಕಿನವನೂ ಕರೆಯುವುದಿಲ್ಲ. ಹೋದರೆ ಈ ಒಂದು ಕೆಲಸವಷ್ಟೇ ಅಲ್ಲ, ಆ ಊರಲ್ಲಿ ಮುಂದೆ ಸಿಗಬಹುದಾದ ಕೆಲಸಗಳೂ ಹೋಗುತ್ತಿದ್ದವು. ಹಾಗಾಗಿ ಸೋಮವಾರದೊಳಗೆ ಆ ಒಂದು ಪದ ಬದಲಾಗಬೇಕಿತ್ತು.

ನಾನು ಅಂದೇ ತಿದ್ದುಪಡಿ ಕಳಿಸಿದೆ. ಕನ್ನಡ ಪುಟಗಳ ಪರಿಶೀಲಕ ಯಾರೋ, ಎಲ್ಲಿಯವನೋ ಗೊತ್ತಿಲ್ಲ. ಮುಖದ ಚಿತ್ರದ ಜಾಗದಲ್ಲಿ ಒಂದು ಸೂರ್ಯಾಸ್ತ ಇತ್ತು. ಉತ್ತರ ಬೇಗನೇ ಬಂತು: ‘ನಿಘಂಟಿನ ಪ್ರಕಾರ ಬಳಕೆ ಸರಿಯಾಗಿದೆ. ಮುಕ್ತಾಯಗೊಳಿಸಲಾಗಿದೆ.’ ಮೇಲೊಂದು ಕೈಮುಗಿದ ಚಿತ್ರ. ಆ ಕೈಮುಗಿಯುವಿಕೆ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮತ್ತೆ ತೆರೆದೆ. ಕಾಲುವೆ, ಕರು, ಬಾಗಿಲು ಎಲ್ಲ ಬರೆದೆ. ಈ ಸಾಲು ಓದಿ ಒಬ್ಬರು ಉಲ್ಟಾ ಮಾಡಿದ್ದಾರೆ, ಅವರ ಕೆಲಸ ಹೋಗುವುದರಲ್ಲಿದೆ ಎಂದೂ ಬರೆದೆ. ಉತ್ತರ: ‘ಇದು ತಮ್ಮ ಭಾಗದ ಪ್ರಾದೇಶಿಕ ಬಳಕೆ. ನಾವು ಶಿಷ್ಟ ಕನ್ನಡವನ್ನು ಅನುಸರಿಸುತ್ತೇವೆ.’ ಅಂದರೆ ಶಿಷ್ಟರು ಯಾರನ್ನೂ ಒಳಗೆ ಬಿಡುವುದಿಲ್ಲವೆ? ಅವರ ಮನೆಯಲ್ಲಿ ನಲ್ಲಿಗೆ ನೀರು ಹೇಗೆ ಬರುತ್ತದೆ? ಇದನ್ನೇ ಬರೆದು, ಒಂದಿಷ್ಟು ಬೈಗುಳ ಸೇರಿಸಿ, ಆಮೇಲೆ ಬೈಗುಳ ಅಳಿಸಿ ಕಳಿಸಿದೆ. ಅವಳಿಗಾಗಿ ಅಳಿಸಿದೆ. ಇಲ್ಲದಿದ್ದರೆ ಆ ಸೂರ್ಯಾಸ್ತದವನಿಗೆ ಹೊಸಪೇಟೆಯ ಪ್ರಾದೇಶಿಕ ಬಳಕೆ ಎಂದರೆ ಏನೆಂದು ಸರಿಯಾಗಿಯೇ ತಿಳಿಯುತ್ತಿತ್ತು.

ಅವನು ಸ್ವಲ್ಪ ಬಾಗಿದ. ‘ಪರ್ಯಾಯ ಪದ ಸೂಚಿಸಿ, ಪರಿಶೀಲಿಸೋಣ’ ಎಂದ.

ಭಾನುವಾರ ಅವಳು ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ನಾನು ‘ಕೈಬಿಡಿ’ ಎಂದೆ.

‘ಅದ್ರಾಗೂ ಬಿಡಿ ಐತಿ, ಬ್ಯಾಡ,’ ಎಂದಳು.

‘ತ್ಯಜಿಸಿ?’

‘ತ್ಯಜಿಸಿ ಅಂದ್ರ ಸನ್ಯಾಸ ತಗೊಂಡಂಗ ಆಗ್ತೈತಿ.’

‘ಎಸೆದುಬಿಡಿ ಅಂದ್ರ?’

ಅವಳು ನನ್ನ ಮುಖ ನೋಡಿದಳು. ಹೇಳಿದ ಮೇಲೆ ನನಗೂ ಕೇಳಿಸಿತು, ಅದರ ಬಾಲದಲ್ಲೂ ಅದೇ ಅಂಟಿಕೊಂಡಿತ್ತು. ಇಬ್ಬರಿಗೂ ನಗು ಬಂತು. ಅಷ್ಟು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಟೈಪು ಮಾಡಿ, ಅಳಿಸಿ, ಮತ್ತೆ ಮಾಡಿ, ಒಂದು ವಾಕ್ಯ ನಿಲ್ಲಿಸಿದಳು: ‘ಹೊರಗಿನಿಂದ ಬರುವ ಯಾವ ಪ್ಯಾಕೆಟ್ಟನ್ನೂ ಒಳಗೆ ಸೇರಿಸಬೇಡಿ, ಅದಕ್ಕೆ ಉತ್ತರವನ್ನೂ ಕೊಡದೆ ಅಲ್ಲೇ ಎಸೆಯಿರಿ.’

‘ಉತ್ತರ ಯಾಕ ಬೇಕವ್ವ ಅಲ್ಲಿ?’ ಎಂದೆ.

‘ಬ್ಯಾಡ ಅಂತ ಹೇಳಿ ಕಳಿಸೋದು ಬ್ಯಾರೆ ಅಕ್ಕಾ, ಸುಮ್ನ ಎಸೆಯೋದು ಬ್ಯಾರೆ. ಎರಡಕ್ಕೂ ಬ್ಯಾರೆ ಬ್ಯಾರೆ ಬಟನ್ ಅದಾವು. ಇದು ಸುಮ್ನ ಎಸೆಯೋದು. ಅದನ್ನ ಹೇಳದಿದ್ರ ನಾಳೆ ಇನ್ನೊಬ್ರು ತಪ್ಪು ಬಟನ್ ಒತ್ತತಾರ.’

ಅವಳು ಹೇಳಿದ್ದು ಸರಿಯಾಗಿತ್ತು. ಒಂದು ಅಕ್ಷರವನ್ನೂ ಮುಟ್ಟದೆ, ನನ್ನ ಖಾತೆಯಿಂದಲೇ ಕಳಿಸಿದೆ, ಅವಳಿಗೆ ಅಲ್ಲಿ ಖಾತೆ ಇರಲಿಲ್ಲ. ಕಳಿಸಿದ ತಕ್ಷಣ ಅಲ್ಲಿನ ಯಂತ್ರವೊಂದು ‘ಸಾಲು ಉದ್ದವಾಯಿತು’ ಎಂದು ತಿರಸ್ಕರಿಸಿತು. ಸಾಲು ಮುರಿದು ಕಳಿಸಿದರೆ, ತಿದ್ದುಪಡಿಯ ಶೀರ್ಷಿಕೆ ದೊಡ್ಡಕ್ಷರದಿಂದ ಶುರುವಾಗಬೇಕು ಎಂದಿತು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರಲಿ? ಇಂಗ್ಲಿಷಿನ ಒಂದು ಪದವನ್ನು ಮುಂದೆ ಅಂಟಿಸಿದ ಮೇಲೆ ಸುಮ್ಮನಾಯಿತು. ಒಬ್ಬಳ ಅನ್ನ ಹೋಗುವಂತೆ ಬರೆದ ಸಾಲನ್ನು ಅದೇ ಯಂತ್ರ ತುಟಿಪಿಟಕ್ಕೆನ್ನದೆ ಒಳಗೆ ಸೇರಿಸಿಕೊಂಡಿತ್ತು.

ಸೋಮವಾರ ಬೆಳಿಗ್ಗೆ ಒಪ್ಪಿಗೆ ಬಂತು. ಪುಟ ಬದಲಾಗಿತ್ತು. ಅವಳ ವಾಕ್ಯ ಹಾಗೆಯೇ ಕೂತಿತ್ತು. ನಾನು ಖುಷಿಯಲ್ಲಿ ಚಹಾ ಅರ್ಧಕ್ಕೇ ಇಟ್ಟು ಕಂಪ್ಲಿ ಬಸ್ಸು ಹಿಡಿದೆ.

ಗಿರಣಿಯ ಆಫೀಸಿನಲ್ಲಿ ತೌಡಿನ ಧೂಳು ಗಂಟಲು ಹಿಡಿಯುತ್ತಿತ್ತು. ಮೂಲೆಯಲ್ಲಿ ಗುಟ್ಕಾ ಉಗಿದ ಬಕೆಟ್ಟು, ಅದರ ಅಂಚಿನಲ್ಲಿ ನೊಣ. ಧಣಿ ಮೇಜಿನ ಹಿಂದೆ ಕೂತಿದ್ದ, ಈ ಸಲ ಶರ್ಟು ಹಾಕಿಕೊಂಡು. ಅವಳ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬ ಕೂತಿದ್ದ. ಧಣಿಯ ಅಕ್ಕನ ಮಗ, ಗಡ್ಡ ಬಿಟ್ಟ, ಮದುವೆಯಾದ ಗಂಡಸು. ಮದುವೆಮನೆಯಿಂದಲೇ ಕರೆತಂದಿದ್ದರಂತೆ. ಅವಳು ಊಟದ ಡಬ್ಬಿ ಹಿಡಿದು ಗೋಡೆಯ ಬಳಿ ನಿಂತಿದ್ದಳು.

ನಾನು ಮೊಬೈಲ್ ಚಾಚಿ, ಮೊದಲು ಹೀಗಿತ್ತು, ಈಗ ಹೀಗಾಗಿದೆ ಎಂದು ಎರಡೂ ಸಾಲು ತೋರಿಸಿದೆ. ಹಳೆಯದು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ. ಧಣಿ ಕನ್ನಡಕ ಏರಿಸಿಕೊಂಡು ಕೆಂಪು ಸಾಲು ಓದಿದ.

‘ಬಿಡಿ ಅಂದ್ರ ಬಿಡೋದು. ಬ್ಯಾಡಾಗಿದ್ದನ್ನ ಬಿಡೋದು. ಇದ್ರಾಗ ತಪ್ಪೇನೈತ್ರಿ?’

ಆಗ ಹೊರಗೆ ಲಾರಿ ಹಾರನ್ ಹಾಕಿತು. ಧಣಿ ಕಿಟಕಿಯತ್ತ ತಿರುಗಿ ‘ಲೇ, ಲಾರಿ ಬಿಡಲೇ’ ಎಂದು ಕೂಗಿದ. ಕಾವಲುಗಾರ ಗೇಟು ತೆರೆದ. ಭತ್ತದ ಲಾರಿ ಒಳಗೆ ಬಂತು.

‘ಈಗ ನೀವು ಬಿಡು ಅಂದ್ರಿ, ಆತ ಒಳಗ ಕರ್ಕಂಡ,’ ಎಂದೆ. ‘ಆಕೀನೂ ಅದನ್ನೇ ಮಾಡ್ಯಾಳ.’

ಧಣಿ ಲಾರಿ ನೋಡಿದ, ಮೊಬೈಲ್ ನೋಡಿದ, ಅವಳನ್ನು ನೋಡಿದ. ಅವನ ಮುಖದಲ್ಲಿ ಅರ್ಥವಾಗಿದ್ದು ಕಂಡಿತು, ಅದನ್ನು ನಾನು ಯಾವ ಆಣೆ ಬೇಕಾದರೂ ಹಾಕಿ ಹೇಳುತ್ತೇನೆ. ಗೆದ್ದೆವು ಅಂದುಕೊಂಡೆ. ಆಮೇಲೆ ಅವನು ಮೊಬೈಲನ್ನು ಬೆರಳಿನಿಂದ ಮೇಲಕ್ಕೆ ಸರಿಸಿದ. ಪುಟದ ತಲೆಯ ಮೇಲೆ, ಬಸ್ಸಿನ ಗಡಿಬಿಡಿಯಲ್ಲಿ ನಾನು ನೋಡದೇ ಹೋದ ಸಾಲು ಇತ್ತು. ನನ್ನ ಶೀರ್ಷಿಕೆ ಅಳಿಸಿ ಆ ಸೂರ್ಯಾಸ್ತದವನು ತನ್ನದನ್ನು ಹಾಕಿದ್ದ: ‘ಸಣ್ಣ ಅಕ್ಷರದೋಷ ಸರಿಪಡಿಸಲಾಗಿದೆ.’

ಧಣಿ ಅದನ್ನು ಗಟ್ಟಿಯಾಗಿ ಓದಿದ. ಎರಡು ಸಲ ಓದಿದ. ಅವನಿಗೆ ನಿಲ್ಲಲು ನೆಲ ಸಿಕ್ಕಿತ್ತು.

‘ಸಣ್ಣ ಅಕ್ಷರದೋಷ ಅಂತ ಅವ್ರೇ ಬರ್ಕಂಡಾರಲ್ರಿ. ಒಂದ್ ಅಕ್ಷರ ಆ ಕಡಿ ಈ ಕಡಿ ಆದ್ರ ತಿಳಕಳಾಕ ಬರಂಗಿಲ್ಲಂದ್ರ ಈಕಿ ಏನ್ ಓದ್ಯಾಳ?’

ಅಕ್ಷರದೋಷ ಅಲ್ಲ, ಅರ್ಥವೇ ತಲೆಕೆಳಗಾಗಿತ್ತು ಎಂದು ನಾನು ಹೇಳುತ್ತಲೇ ಇದ್ದೆ. ಅವನು ಆಗಲೇ ಮೊಬೈಲ್ ವಾಪಸು ಚಾಚಿದ್ದ. ಕೆಲಸ ಬಿಡಿಸಿದ್ದೂ ಆಯಿತು, ಹೊಸಬ ಕೂತಿದ್ದೂ ಆಯಿತು, ಅವಳು ಹೋಗುವ ಮೊದಲು ಪಾಸ್‌ವರ್ಡುಗಳನ್ನು ಬರೆದುಕೊಟ್ಟು ಹೋಗಬೇಕೆಂದು ಹೇಳಿದ್ದೂ ಆಯಿತು. ಸೂರ್ಯಾಸ್ತದವನಿಗೆ ಇವಳ ಮೇಲೆ ಹಗೆಯೇನೂ ಇರಲಿಲ್ಲ. ಅವನು ತನ್ನ ಪುಟದ ಮಾನ ಉಳಿಸಿಕೊಂಡಿದ್ದ, ಅಷ್ಟೇ. ದೊಡ್ಡ ತಪ್ಪು ಎಂದು ಬರೆದರೆ ಅದನ್ನು ಒಪ್ಪಿ ಒಳಗೆ ಸೇರಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಇಷ್ಟು ಸಣ್ಣ ಹೇಡಿತನ.

ಅಷ್ಟರಲ್ಲಿ ಗಡ್ಡದವನು ಅವಳ ಕಂಪ್ಯೂಟರಿನಲ್ಲಿ ಅದೇ ಕೈಪಿಡಿಯ ಅದೇ ಪುಟ ತೆರೆದಿದ್ದ. ಬೆರಳಿಟ್ಟುಕೊಂಡು ಓದಿದ: ‘ಹೊರಗಿನಿಂದ ಬರುವ ಯಾವ ಪ್ಯಾಕೆಟ್ಟನ್ನೂ ಒಳಗೆ ಸೇರಿಸಬೇಡಿ, ಅದಕ್ಕೆ ಉತ್ತರವನ್ನೂ ಕೊಡದೆ ಅಲ್ಲೇ ಎಸೆಯಿರಿ.’ ಬಟನ್ ಹುಡುಕಿದ, ಸರಿಯಾದದ್ದನ್ನೇ ಒತ್ತಿದ. ಅವನ ಮುಖ ಅರಳಿತು.

‘ಎಷ್ಟ್ ಬಿಡಿಸಿ ಬರದಾರ ನೋಡ್ ಮಾಮಾ. ಸಣ್ಣ ಹುಡುಗರಿಗೂ ತಿಳೀತೈತಿ. ಇದನ್ನ ಓದಿನೂ ಈಕಿ ಹೆಂಗ ತಪ್ಪು ಮಾಡಿದ್ಲು?’

‘ಅದನ್ನ ಬರದಾಕಿ ಆಕೀನ,’ ಎಂದೆ ನಾನು.

ಧಣಿ ಪುಟದ ಕೆಳಗೆ ಬಗ್ಗಿ ನೋಡಿದ. ತಿದ್ದಿದವರ ಜಾಗದಲ್ಲಿ ಇದ್ದದ್ದು ನನ್ನ ಖಾತೆಯ ಹೆಸರು. ಅವನು ಕುರ್ಚಿಗೆ ಒರಗಿ, ನನ್ನನ್ನು ಒಳ್ಳೆಯ ಮನಸ್ಸಿನ ಹೆಂಗಸು ಎಂಬಂತೆ ನೋಡಿ ನಕ್ಕ. ‘ಆಕೀಗೆ ಇಷ್ಟು ಬರಿಯಾಕ ಬರ್ತಿದ್ರ ನಾ ಯಾಕ ಕಳಿಸ್ತಿದ್ದೆ ಬಾಯಾರ?’ ಎಂದ.

ಅವಳು ಆ ಪರದೆಯ ಮೇಲಿನ ತನ್ನ ವಾಕ್ಯವನ್ನು ಒಮ್ಮೆ ಓದಿದಳು. ಆಮೇಲೆ ಪಾಸ್‌ವರ್ಡ್ ಬರೆದುಕೊಡಲು ಪೆನ್ನು ಕೇಳಿದಳು.